ಕಾರ್ಖಾನೆಯ ನೀರು ಒಳಚರಂಡಿಗೆ ಇಳಿಯುವ ಮುಂಚೆ

ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ದಿನವೂ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಗಾಳಿ ಊದುವ ದೊಡ್ಡ ತೊಟ್ಟಿಯಿಂದ ಒಂದು ಲೀಟರ್ ಕಂದು ನೀರನ್ನು ಎತ್ತಿ, ಅಳತೆಯ ಗುರುತಿರುವ ಉದ್ದನೆಯ ಗಾಜಿನ ಜಾಡಿಗೆ ಸುರಿಯುತ್ತಾರೆ. 30 ನಿಮಿಷ ಅಲ್ಲಾಡಿಸದೆ ಬಿಡುತ್ತಾರೆ. ಎಲ್ಲ ಸರಿಯಿದ್ದರೆ ಕಂದು ಚೂರುಗಳು ಒಂದಕ್ಕೊಂದು ಅಂಟಿಕೊಂಡು ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿನೀರು ಉಳಿಯುತ್ತದೆ. ಆ ಕೆಸರಿಗೆ ಹಸಿ ಮಣ್ಣಿನ ವಾಸನೆ ಇರುತ್ತದೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗಂಟೆಯ ಆಕಾರದ ಪುಟ್ಟ ಜೀವಿಗಳು ತೆಳ್ಳನೆಯ ತೊಟ್ಟಿನ ತುದಿಯಲ್ಲಿ ಕುಣಿಯುತ್ತಿರುತ್ತವೆ. ವೋರ್ಟಿಸೆಲ್ಲಾ ಅಂತ ಅವುಗಳ ಹೆಸರು. ಅವು ಆರಾಮಾಗಿವೆ ಅಂದರೆ ಘಟಕವೂ ಆರಾಮಾಗಿದೆ ಅಂತ ಅರ್ಥ.

ಒಂದು ದಿನ ಅದೇ ಜಾಡಿಯಲ್ಲಿ ಮೇಲಿನ ನೀರು ತಿಳಿಯಾಗುವುದೇ ಇಲ್ಲ. ಅರ್ಧ ಗಂಟೆ ಕಳೆದರೂ ಮಬ್ಬಾಗಿಯೇ ಇರುತ್ತದೆ. ತೊಟ್ಟಿಯ ಮೇಲೆ ಬಿಳಿ ನೊರೆ ಎದ್ದಿರುತ್ತದೆ. ಗಂಟೆಯಾಕಾರದ ಜೀವಿಗಳು ಮಿಸುಕುವುದಿಲ್ಲ. ಯಂತ್ರ ಕೆಟ್ಟಿಲ್ಲ, ಕರೆಂಟ್ ಹೋಗಿಲ್ಲ. ಹಿಂದಿನ ರಾತ್ರಿ ಎಲ್ಲೋ ಒಂದು ಕಾರ್ಖಾನೆ ತನ್ನ ತೊಟ್ಟಿಯನ್ನು ಮ್ಯಾನ್‌ಹೋಲಿಗೆ ಖಾಲಿ ಮಾಡಿರುತ್ತದೆ, ಅಷ್ಟೆ.

ಕಾರ್ಖಾನೆಯ ನೀರನ್ನು ಊರಿನ ಒಳಚರಂಡಿಗೆ ಬಿಡುವುದಕ್ಕೆ ಇಷ್ಟೊಂದು ಕಾನೂನು ಯಾಕೆ ಬೇಕು ಅನ್ನುವುದು ಈ ಜಾಡಿಯನ್ನು ನೋಡಿದರೆ ಅರ್ಥವಾಗುತ್ತದೆ.

ಶುದ್ಧೀಕರಣ ಘಟಕ ಅಂದರೆ ಒಂದು ದೊಡ್ಡ ಜರಡಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೊಳಕು ಈ ಕಡೆ ಒಳಗೆ ಹೋಗುತ್ತದೆ, ಶುದ್ಧ ನೀರು ಆ ಕಡೆ ಬರುತ್ತದೆ ಅಂತ. ಆದರೆ ಅಲ್ಲಿ ನಿಜವಾದ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಯಂತ್ರಗಳು ಅವಕ್ಕೆ ಗಾಳಿ ಒದಗಿಸುತ್ತವೆ, ನೀರನ್ನು ಕಲಕುತ್ತವೆ, ಕೊನೆಗೆ ಅವನ್ನು ನೀರಿನಿಂದ ಬೇರೆ ಮಾಡುತ್ತವೆ. ಮನೆಗಳಿಂದ ಬರುವ ಕೊಳಕನ್ನು ಈ ಬ್ಯಾಕ್ಟೀರಿಯಾ ತಿಂದು ಅರಗಿಸಿಕೊಳ್ಳುತ್ತವೆ. ಕ್ಯಾಡ್ಮಿಯಂ, ಕ್ರೋಮಿಯಂ, ಸಯನೈಡು ಅವುಗಳ ಊಟವಲ್ಲ. ಸಯನೈಡನ್ನು ಚೂರುಚೂರಾಗಿ ಕೊಟ್ಟರೆ ಕೆಲವು ಬ್ಯಾಕ್ಟೀರಿಯಾ ಹೇಗೋ ಸಂಭಾಳಿಸಬಲ್ಲವು. ಲೋಹವನ್ನು ಮಾತ್ರ ಯಾವ ಜೀವಿಯೂ ಇಲ್ಲವಾಗಿಸಲಾರದು. ಅದು ಒಂದೋ ನೀರಿನ ಜೊತೆ ನದಿಗೆ ಹೋಗಬೇಕು, ಇಲ್ಲವೇ ಕೆಸರಿನಲ್ಲಿ ಕೂರಬೇಕು. ಮೂರನೇ ದಾರಿ ಇಲ್ಲ.

ಹಾಗಾಗಿ ತೊಂದರೆ ಒಂದೇ ಥರದ್ದಲ್ಲ. ಮೊದಲನೆಯದು, ಬಂದ ವಿಷ ಘಟಕದ ಕೆಲಸವನ್ನೇ ಕೆಡಿಸುವುದು. ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಬಹಳ ಸೂಕ್ಷ್ಮ, ಬೆಳೆಯುವುದೂ ನಿಧಾನ. ಒಮ್ಮೆ ಸತ್ತರೆ ಮೊದಲಿನ ಸಂಖ್ಯೆಗೆ ಬರಲು ವಾರಗಟ್ಟಲೆ ಬೇಕಾಗಬಹುದು. ಅಷ್ಟೂ ದಿನ ಊರಿನ ಎಲ್ಲ ಮನೆಗಳ ಅಮೋನಿಯಾ ಹಾಗೇ ನದಿಗೆ ಹೋಗುತ್ತದೆ. ಮೀನಿಗೆ ಅದು ವಿಷ. ಒಂದು ರಾತ್ರಿಯ ತಪ್ಪಿಗೆ ಒಂದು ತಿಂಗಳ ದಂಡ. ಅದನ್ನು ಕಟ್ಟುವವರು ಮಾತ್ರ ಬೇರೆಯವರು.

ಎರಡನೆಯದು, ಘಟಕಕ್ಕೆ ಏನೂ ಆಗದೆ ವಿಷ ಸುಮ್ನೆ ಅದರೊಳಗಿಂದ ಹಾದು ಹೋಗುವುದು. ಪಿಎಫ್‌ಎಎಸ್ ಅನ್ನುವ ರಾಸಾಯನಿಕಗಳು ಹೀಗೆ. ನೀರು, ಎಣ್ಣೆ ಅಂಟದಂತೆ ಮಾಡುವ ಲೇಪನಗಳಲ್ಲಿ, ಬೆಂಕಿ ಆರಿಸುವ ಕೆಲವು ನೊರೆಗಳಲ್ಲಿ ಇವನ್ನು ಬಳಸಿದ್ದಾರೆ. ಮಾಮೂಲಿ ಘಟಕ ಇವನ್ನು ಒಡೆಯಲಾರದು. ಜಾಡಿಯಲ್ಲಿ ನೀರು ತಿಳಿಯಾಗಿಯೇ ಕಾಣುತ್ತದೆ, ವೋರ್ಟಿಸೆಲ್ಲಾ ಕುಣಿಯುತ್ತಲೇ ಇರುತ್ತದೆ. ನನಗೆ ಹೆಚ್ಚು ಹೆದರಿಕೆ ಆಗುವುದು ಇದರ ಬಗ್ಗೆಯೇ. ಯಾಕಂದರೆ ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ.

ಮೂರನೆಯದು ಕೆಸರು. ಶುದ್ಧೀಕರಣದಲ್ಲಿ ಉಳಿಯುವ ಕೆಸರಿನಲ್ಲಿ ಸಾರಜನಕ, ರಂಜಕ ಜಾಸ್ತಿ. ಹೊಲಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಅದರಲ್ಲಿ ಕ್ಯಾಡ್ಮಿಯಂ ಸೇರಿದ್ದರೆ ಗಿಡ ಅದನ್ನೂ ಬೇರಿನಿಂದ ಹೀರಿಕೊಳ್ಳುತ್ತದೆ. ಯುರೋಪಿನ ಒಕ್ಕೂಟ 1986ರಲ್ಲೇ ಹೊಲಕ್ಕೆ ಹಾಕುವ ಕೆಸರಿನಲ್ಲಿ ಭಾರ ಲೋಹಗಳಿಗೆ ಮಿತಿ ಹಾಕಿತು. ಮಿತಿ ಮೀರಿದರೆ ಗೊಬ್ಬರವಾಗಬೇಕಿದ್ದದ್ದು ಕಸವಾಗುತ್ತದೆ, ಅದನ್ನು ಎಲ್ಲಿ ಹಾಕುವುದು ಅನ್ನುವುದೇ ಊರಿಗೆ ತಲೆನೋವು.

ಇವೆಲ್ಲ ನೀರು ಘಟಕವನ್ನು ಮುಟ್ಟಿದ ಮೇಲಿನ ಮಾತು. ಅದಕ್ಕೂ ಮುಂಚೆ ಪೈಪು ಇದೆ, ಪೈಪಿನ ಹತ್ತಿರ ಕೆಲಸ ಮಾಡುವ ಮನುಷ್ಯರಿದ್ದಾರೆ.

ಒಂದು ಕಾರ್ಖಾನೆಯಿಂದ ಸಯನೈಡ್ ಬೆರೆತ ನೀರು ಬರುತ್ತದೆ ಅಂದುಕೊಳ್ಳಿ. ಪಕ್ಕದ ಬೀದಿಯ ಇನ್ನೊಂದರಿಂದ ಆಮ್ಲ ಬರುತ್ತದೆ. ಒಬ್ಬರಿಗೊಬ್ಬರ ಪರಿಚಯವೂ ಇರುವುದಿಲ್ಲ. ಎರಡೂ ಪೈಪಿನಲ್ಲಿ ಸೇರಿದ ಕಡೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಅದು ಕೊಲ್ಲುವ ಅನಿಲ. ಸಲ್ಫೈಡ್ ಇರುವ ನೀರಿಗೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಏನಂದರೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗದಷ್ಟಾದರೆ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಪರವಾಗಿಲ್ಲ ಅಂತ ಅಂದುಕೊಳ್ಳುವ ಹೊತ್ತಿಗೇ ಅಪಾಯ ಹೆಚ್ಚು. ಇದೇ ಅನಿಲ ಪೈಪಿನ ಒಳಗಿನ ಮೇಲ್ಭಾಗದ ತೇವಕ್ಕೆ ಅಂಟುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತವೆ. ಕಾಂಕ್ರೀಟು ಒದ್ದೆ ಸುಣ್ಣದ ಹಾಗೆ ಮೆತ್ತಗಾಗಿ ಉದುರುತ್ತದೆ. ಎಷ್ಟೋ ವರ್ಷ ಆದಮೇಲೆ ಒಂದು ದಿನ ರಸ್ತೆ ಕುಸಿಯುತ್ತದೆ.

ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ಬೆಳಕು ಹರಿಯುವ ಮುಂಚೆ ರಸ್ತೆಗಳೇ ಸಿಡಿದವು. ಸೋಯಾದಿಂದ ಎಣ್ಣೆ ತೆಗೆಯುವ ಕಾರ್ಖಾನೆಯೊಂದರಿಂದ ಹೆಕ್ಸೇನ್ ಅನ್ನುವ ದ್ರಾವಕ ಒಳಚರಂಡಿಗೆ ಹರಿದಿತ್ತು. ಅದರ ಆವಿ ಪೈಪಿನುದ್ದಕ್ಕೂ ತುಂಬಿಕೊಂಡಿತ್ತು. ಒಂದು ಕಿಡಿ ಸಾಕಾಯಿತು. ಎರಡು ಮೈಲಿಗೂ ಹೆಚ್ಚು ಉದ್ದದ ರಸ್ತೆ ಹಾಳಾಯಿತು. ಜನ ಓಡಾಡದ ಹೊತ್ತಾದ್ದರಿಂದ ಯಾರೂ ಸಾಯಲಿಲ್ಲ. ಮೆಕ್ಸಿಕೋದ ಗ್ವಾಡಲಹಾರ ನಗರಕ್ಕೆ ಆ ಅದೃಷ್ಟ ಇರಲಿಲ್ಲ. 1992ರ ಏಪ್ರಿಲ್ 22ರಂದು ಹಗಲು ಹೊತ್ತಿನಲ್ಲೇ ಅಲ್ಲಿನ ಒಳಚರಂಡಿ ಸರಣಿಯಾಗಿ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸೇರಿದ್ದು ತೂತಾದ ಕೊಳವೆಯಿಂದ ಸೋರಿದ ಪೆಟ್ರೋಲ್. ಅದು ಯಾರೋ ಬೇಕೆಂದು ಬಿಟ್ಟ ತ್ಯಾಜ್ಯವಲ್ಲ. ಆದರೂ ಒಳಚರಂಡಿಗೆ ಏನು ಇಳಿಯುತ್ತಿದೆ ಅಂತ ಗೊತ್ತಿರಬೇಕಾದ ಅಗತ್ಯವನ್ನು ಇದಕ್ಕಿಂತ ಜೋರಾಗಿ ಹೇಳುವ ಘಟನೆ ನನಗೆ ಗೊತ್ತಿಲ್ಲ.

ಹಾಗಾದರೆ ಕಾರ್ಖಾನೆಗಳ ನೀರನ್ನು ಒಳಚರಂಡಿಗೆ ಬಿಡಲೇಬಾರದು ಅಂದರೆ ಆಯಿತಲ್ವಾ? ಇಷ್ಟೆಲ್ಲ ಕೇಳಿದ ಮೇಲೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಅದು ಸರಿಯಾದ ದಾರಿಯಲ್ಲ. ಹಾಲಿನ ಡೈರಿಯ ನೀರಲ್ಲಿ ಇರುವುದು ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ಊಟವೇ. ಸಣ್ಣ ಸಣ್ಣ ಕಾರ್ಖಾನೆಗಳೆಲ್ಲ ತಮ್ಮದೇ ಪೂರ್ತಿ ಶುದ್ಧೀಕರಣ ನಡೆಸಲು ಹೊರಟರೆ ಅರ್ಧ ಕಡೆ ಅದು ಕೆಟ್ಟು ನಿಂತಿರುತ್ತದೆ. ನುರಿತ ಕೈಗಳಿರುವ ಒಂದು ದೊಡ್ಡ ಘಟಕ ಎಷ್ಟೋ ಮೇಲು. ಒಳಚರಂಡಿಯ ಬಾಗಿಲು ಮುಚ್ಚಿದರೆ ಆ ನೀರು ಮಾಯವಾಗುವುದಿಲ್ಲ, ಮಳೆನೀರಿನ ಮೋರಿಯನ್ನೋ ಕೆರೆಯನ್ನೋ ಹುಡುಕಿಕೊಳ್ಳುತ್ತದೆ.

ಒಳ್ಳೆಯ ಊಟವಾದರೂ ಎಷ್ಟು ಅನ್ನುವ ಪ್ರಶ್ನೆ ಇದ್ದೇ ಇದೆ. ಕೊಳೆಯ ಹೊರೆಯನ್ನು ಬಿಒಡಿ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಅನ್ನುವುದೇ ಬಿಒಡಿ. ಯುರೋಪಿನ ನಿಯಮದಲ್ಲಿ ಒಬ್ಬ ಮನುಷ್ಯನ ಪಾಲು ದಿನಕ್ಕೆ 60 ಗ್ರಾಂ. ಒಂದು ಡೈರಿ ದಿನಕ್ಕೆ 2 ಲಕ್ಷ ಲೀಟರ್ ನೀರು ಬಿಡುತ್ತದೆ, ಲೀಟರಿಗೆ 2,000 ಮಿಲಿಗ್ರಾಂ ಬಿಒಡಿ ಇದೆ ಅಂತ ಇಟ್ಟುಕೊಳ್ಳಿ. ಒಟ್ಟು 400 ಕಿಲೋ ಆಯಿತು. 60 ಗ್ರಾಂನಿಂದ ಭಾಗಿಸಿದರೆ ಸುಮಾರು 6,700 ಜನ. ಗೇಟಿನ ಒಳಗೆ ನೂರು ಜನ ಕೆಲಸ ಮಾಡುತ್ತಿರಬಹುದು. ಒಳಚರಂಡಿಯ ಕಣ್ಣಿಗೆ ಮಾತ್ರ ಅದು ಒಂದು ಸಣ್ಣ ಪಟ್ಟಣ. ಆ ಪಟ್ಟಣವನ್ನು ಲೆಕ್ಕಕ್ಕೆ ಹಿಡಿಯದೆ ಘಟಕ ಕಟ್ಟಿದ್ದರೆ ಗಾಳಿ ಸಾಲದೆ ತೊಟ್ಟಿ ನಾರುತ್ತದೆ.

ಮಿತಿಗಳನ್ನು ಹಾಕುವುದು ಹೇಗೆ?

ಎಲ್ಲೆಡೆಯೂ ಹೆಚ್ಚುಕಡಿಮೆ ಮೂರು ಪದರಗಳು ಕಾಣುತ್ತವೆ. ಮೊದಲ ಪದರ ಎಲ್ಲರಿಗೂ ಒಂದೇ: ಇಂಥದ್ದನ್ನು ಬಿಡಲೇಕೂಡದು. ಅಮೆರಿಕ 1978ರಲ್ಲಿ ತಂದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖಕ್ಕೇ ಆವಿ ಹೊತ್ತಿಕೊಳ್ಳುವ ದ್ರವ ಬೇಡ. ಆಮ್ಲ ತಾಳುವಂತೆ ಕಟ್ಟಿದ ವ್ಯವಸ್ಥೆ ಇಲ್ಲದಿದ್ದರೆ ಪಿಎಚ್ (ನೀರಿನ ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 5ಕ್ಕಿಂತ ಕೆಳಗಿನ ನೀರು ಬೇಡ. ಘಟಕ ತಲುಪುವಾಗ ನೀರಿನ ಶಾಖ 40 ಡಿಗ್ರಿ ದಾಟುವಷ್ಟು ಬಿಸಿ ಬೇಡ. ಪೈಪು ಕಟ್ಟಿಸುವ ಗಟ್ಟಿ ವಸ್ತು ಬೇಡ. ಟ್ಯಾಂಕರಿನಲ್ಲಿ ತಂದದ್ದನ್ನು ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಸುರಿಯಬೇಡಿ.

ಎರಡನೆಯದು ಉದ್ಯಮಕ್ಕೆ ತಕ್ಕ ಮಿತಿ. ಲೋಹ ಲೇಪನಕ್ಕೆ ಒಂದು, ಚರ್ಮ ಹದ ಮಾಡುವುದಕ್ಕೆ ಇನ್ನೊಂದು. ಆ ಉದ್ಯಮದಲ್ಲಿ ಯಾವ ತಂತ್ರಜ್ಞಾನದಿಂದ ಎಷ್ಟು ಶುದ್ಧ ಮಾಡಬಹುದು ಅಂತ ನೋಡಿ ದೇಶಕ್ಕೆಲ್ಲ ಒಂದೇ ಅಂಕಿ ಇಡುತ್ತಾರೆ.

ಮೂರನೆಯದೇ ನನ್ನ ಪ್ರಕಾರ ಇಡೀ ವ್ಯವಸ್ಥೆಯ ಬೆನ್ನೆಲುಬು. ಈ ಊರಿನ ಈ ಘಟಕ ಎಷ್ಟು ತಾಳುತ್ತದೆ ಅನ್ನುವ ಲೆಕ್ಕ. ಇದನ್ನು ಹಿಂದಿನಿಂದ ಮುಂದಕ್ಕೆ ಮಾಡುತ್ತಾರೆ. ಸುಲಭದ ಅಂಕಿ ಇಟ್ಟುಕೊಂಡು ಒಮ್ಮೆ ಮಾಡಿಯೇ ನೋಡೋಣ.

ಘಟಕಕ್ಕೆ ದಿನಕ್ಕೆ 1 ಕೋಟಿ ಲೀಟರ್ ನೀರು ಬರುತ್ತದೆ. ಹೊರಗೆ ಬಿಡುವ ನೀರಲ್ಲಿ ಒಂದು ಲೋಹ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಅಂತ ನದಿಯ ನಿಯಮ. ಅಂದರೆ ದಿನಕ್ಕೆ 1 ಕಿಲೋಗಿಂತ ಜಾಸ್ತಿ ನದಿಗೆ ಹೋಗಬಾರದು. ಬಂದ ಲೋಹದಲ್ಲಿ ಅರ್ಧ ಕೆಸರಿನಲ್ಲಿ ನಿಲ್ಲುತ್ತದೆ ಅಂದುಕೊಳ್ಳಿ. ಹಾಗಾದರೆ ನದಿಯ ದೃಷ್ಟಿಯಿಂದ 2 ಕಿಲೋ ಒಳಗೆ ಬರಬಹುದು. ಆದರೆ ಕೆಸರಿನ ಲೆಕ್ಕ ನೋಡಿದರೆ, ಅದು ಗೊಬ್ಬರವಾಗಿ ಉಳಿಯಬೇಕಾದರೆ ಒಳಗೆ ಬರುವುದು ಒಂದೂವರೆ ಕಿಲೋ ದಾಟಬಾರದು. ಬ್ಯಾಕ್ಟೀರಿಯಾ ತಾಳುವ ಮಿತಿ ಇನ್ನೂ ದೂರ ಇದೆ. ಇವುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಜವಾದ ಮಿತಿ, ಅಂದರೆ ಒಂದೂವರೆ ಕಿಲೋ. ಮನೆಗಳಿಂದಲೇ 300 ಗ್ರಾಂ ಬರುತ್ತದೆ, ಅದನ್ನು ತಡೆಯಲಾಗದು. ಮುಂದೆ ಬರುವವರಿಗೆ ಮತ್ತು ಹೆಚ್ಚುಕಮ್ಮಿಗೆ 200 ಗ್ರಾಂ ಎತ್ತಿಡುತ್ತಾರೆ. ಉಳಿದದ್ದು 1 ಕಿಲೋ. ಕಾರ್ಖಾನೆಗಳೆಲ್ಲ ಸೇರಿ ದಿನಕ್ಕೆ 10 ಲಕ್ಷ ಲೀಟರ್ ಬಿಡುತ್ತವೆ ಅಂದರೆ, ಲೀಟರಿಗೆ 1 ಮಿಲಿಗ್ರಾಂ.

ಆ 1 ಮಿಲಿಗ್ರಾಂ ಹುಟ್ಟಿದ್ದು ಹೀಗೆ. ಅದರ ಹಿಂದೆ ಒಂದು ನದಿ, ಒಂದು ಹೊಲ, ಒಂದು ತೊಟ್ಟಿ ತುಂಬ ಜೀವಿಗಳು ಇವೆ. ಒಬ್ಬರು ತಮ್ಮ ಪಾಲಿಗಿಂತ ಜಾಸ್ತಿ ಬಿಟ್ಟರೆ ಅದು ನಿಯಮ ಪಾಲಿಸುವ ಪಕ್ಕದವರ ಪಾಲಿನಿಂದಲೇ ಕಿತ್ತುಕೊಂಡದ್ದು.

ನೀರು ಬೆರೆಸಿ ತೆಳು ಮಾಡುವುದು ಯಾಕೆ ತಪ್ಪು ಅನ್ನುವುದೂ ಇಲ್ಲೇ ತಿಳಿಯುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದ ನೀರಿಗೆ ನಾಲ್ಕು ಪಾಲು ಒಳ್ಳೆಯ ನೀರು ಸೇರಿಸಿದರೆ ಸ್ಯಾಂಪಲ್ಲಿನಲ್ಲಿ 1 ಅಂತ ಬರುತ್ತದೆ. ಕಾಗದದ ಮೇಲೆ ಪಾಸು. ಘಟಕಕ್ಕೆ ಹೋದ ಲೋಹದ ತೂಕ ಮಾತ್ರ ಒಂದು ಗ್ರಾಂ ಕೂಡ ಇಳಿದಿಲ್ಲ. ಮೇಲಿಂದ ಅಷ್ಟು ಒಳ್ಳೆಯ ನೀರೂ ಹಾಳು. ಅದಕ್ಕೇ ಅಮೆರಿಕದ ನಿಯಮ ಶುದ್ಧೀಕರಣದ ಬದಲಿಗೆ ತೆಳು ಮಾಡುವುದನ್ನು ನೇರವಾಗಿ ನಿಷೇಧಿಸಿದೆ. ಸಾಂದ್ರತೆಯ ಜೊತೆ ದಿನದ ತೂಕಕ್ಕೂ ಮಿತಿ ಹಾಕಿದರೆ ಈ ಆಟ ನಡೆಯುವುದಿಲ್ಲ.

ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ನಿಯಮಗಳ ಪಟ್ಟಿ ನೋಡಿದರೆ ಒಂದು ಕುತೂಹಲದ ಸಂಗತಿ ಇದೆ. ನದಿ, ಕೆರೆಗೆ ಬಿಡುವ ನೀರಿಗೆ ಬಿಒಡಿ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸಾರ್ವಜನಿಕ ಒಳಚರಂಡಿಗಾದರೆ 350. ಪಾದರಸಕ್ಕೆ ಮಾತ್ರ ಎರಡೂ ಕಡೆ ಒಂದೇ, 0.01. ತರ್ಕ ಸರಿಯಾಗಿದೆ. ಬಿಒಡಿಯನ್ನು ಮುಂದಿನ ಘಟಕ ತಿನ್ನುತ್ತದೆ, ಪಾದರಸವನ್ನು ತಿನ್ನುವುದಿಲ್ಲ. ಆದರೆ ಜೊತೆಗೆ ಒಂದು ಷರತ್ತಿದೆ. ಆ ಒಳಚರಂಡಿ ಜೈವಿಕ ಶುದ್ಧೀಕರಣ ಇರುವ ಘಟಕಕ್ಕೆ ಹೋಗಿ ಸೇರುವಂತಿದ್ದರೆ ಮಾತ್ರ ಈ ಸಡಿಲಿಕೆ. ಇಲ್ಲದಿದ್ದರೆ ನೇರವಾಗಿ ನದಿಗೆ ಬಿಟ್ಟಂತೆಯೇ ಲೆಕ್ಕ. ಪೈಪಿನ ಆ ತುದಿಯಲ್ಲಿ ಏನಿದೆ ಅಂತ ಕೇಳದೆ ಈ ತುದಿಯಲ್ಲಿ ಪರವಾನಗಿ ಕೊಟ್ಟರೆ ಸಡಿಲಿಕೆಗೆ ಅರ್ಥವೇ ಇರುವುದಿಲ್ಲ.

ಗೇಟಿನ ಒಳಗೆ

ಮಿತಿ ಹಾಕಿದ್ದಾಯಿತು. ಕಾರ್ಖಾನೆ ಅದನ್ನು ಮುಟ್ಟುವುದು ಹೇಗೆ? ಕ್ರೋಮ್ ಲೇಪನದ ಒಂದು ಕಾರ್ಖಾನೆಗೆ ಹೋಗೋಣ. ಲೇಪನದ ತೊಟ್ಟಿಯಿಂದ ಎತ್ತಿದ ಬಿಡಿಭಾಗವನ್ನು ತೊಳೆಯುವ ತೊಟ್ಟಿಗೆ ಅದ್ದುತ್ತಾರೆ. ಭಾಗಕ್ಕೆ ಅಂಟಿದ್ದ ರಾಸಾಯನಿಕ ತೊಳೆದ ನೀರಿಗೆ ಇಳಿಯುತ್ತದೆ. ನೀರು ಹಳದಿಯಾಗುತ್ತದೆ. ಆ ಹಳದಿಯೇ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಆ ಲೋಹದ ಹೆಚ್ಚು ವಿಷದ ರೂಪ. ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರುವಂಥದ್ದು.

ಈ ನೀರಿಗೆ ಮೊದಲು ಆಮ್ಲ ಸೇರಿಸಿ ಪಿಎಚ್ ಅನ್ನು 2ರಿಂದ 3ರ ನಡುವೆ ತರುತ್ತಾರೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕಲಕುತ್ತಾರೆ. ನೋಡುನೋಡುತ್ತಾ ಹಳದಿ ಹೋಗಿ ನೀರು ಹಸಿರಾಗುತ್ತದೆ. ಕ್ರೋಮಿಯಂ ಆರು ವೇಲೆನ್ಸಿಯಿಂದ ಕಡಿಮೆ ವಿಷದ ಮೂರು ವೇಲೆನ್ಸಿಗೆ ಇಳಿದಿದೆ ಅಂತ ಅದರ ಅರ್ಥ. ಈಗ ಸುಣ್ಣ ಹಾಕಿ ಪಿಎಚ್ ಅನ್ನು 8ರಿಂದ 9ಕ್ಕೆ ಏರಿಸಿದರೆ ಹಸಿರು ಚೂರುಗಳು ಮೂಡಿ ತಳ ಸೇರುತ್ತವೆ. ಅದನ್ನು ಹಿಂಡಿ, ಒಣಗಿಸಿ, ಅಪಾಯಕಾರಿ ಕಸದ ಜಾಗಕ್ಕೆ ಕಳಿಸುತ್ತಾರೆ. ಮೇಲಿನ ತಿಳಿನೀರು ಒಳಚರಂಡಿಗೆ.

ಪಕ್ಕದಲ್ಲೇ ಸಯನೈಡ್ ಬಳಸುವ ಲೇಪನದ ಸಾಲು ಇದ್ದರೆ ಅದರ ವಿಧಾನ ಪೂರ್ತಿ ಉಲ್ಟಾ. ಅಲ್ಲಿ ಪಿಎಚ್ 10ಕ್ಕಿಂತ ಮೇಲೆ ಇಟ್ಟುಕೊಂಡು ಕ್ಲೋರಿನ್ನಿನಿಂದ ಸಯನೈಡನ್ನು ಒಡೆಯಬೇಕು. ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಕ್ಷಾರ. ಎರಡನ್ನೂ ಒಂದೇ ಮೋರಿಗೆ ಬಿಟ್ಟರೆ ಶುದ್ಧೀಕರಣ ಹಾಗಿರಲಿ, ಅಲ್ಲೇ ವಿಷದ ಗಾಳಿ ಏಳುತ್ತದೆ. ಆದ್ದರಿಂದ ಎರಡು ಸಾಲಿಗೆ ಎರಡು ಮೋರಿ ಇರಲೇಬೇಕು. ತಪಾಸಣೆಗೆ ಹೋದವರು ಮೊದಲು ನೆಲ ನೋಡಬೇಕು ಅನ್ನುವುದು ಇದಕ್ಕೇ.

ಇನ್ನೂ ಅಗ್ಗದ ಉಪಾಯ ಒಂದಿದೆ. ಭಾಗವನ್ನು ಲೇಪನದ ತೊಟ್ಟಿಯಿಂದ ಎತ್ತಿದ ಮೇಲೆ ಒಂದಷ್ಟು ಸೆಕೆಂಡು ಅಲ್ಲೇ ಮೇಲೆ ಹಿಡಿದು ತೊಟ್ಟಿಕ್ಕಲು ಬಿಡುವುದು. ತೊಟ್ಟಿಕ್ಕಿದ್ದೆಲ್ಲ ವಾಪಸ್ ತೊಟ್ಟಿಗೇ ಬೀಳುತ್ತದೆ. ದುಡ್ಡು ಕೊಟ್ಟು ತಂದ ರಾಸಾಯನಿಕ ಉಳಿಯಿತು, ತೊಳೆಯುವ ನೀರೂ ಅಷ್ಟು ಕೊಳೆಯಾಗಲಿಲ್ಲ. ಒಳ್ಳೆಯ ನಿಯಮ ಇದ್ದ ಕಡೆ ಕಾರ್ಖಾನೆಯವರು ಇಂಥದ್ದನ್ನು ತಾವೇ ಹುಡುಕಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಬಿಲ್ಲೇ ಆ ಕೆಲಸ ಮಾಡುತ್ತದೆ. 1937ರಿಂದಲೇ ಅಲ್ಲಿ ಒಪ್ಪಿಗೆ ಪಡೆದು ಕಾರ್ಖಾನೆಯ ನೀರನ್ನು ಒಳಚರಂಡಿಗೆ ಬಿಡುವ ಕಾನೂನಿದೆ. ಶುಲ್ಕವನ್ನು ಮಾಗ್ಡನ್ ಸೂತ್ರದಂತೆ ಹಾಕುತ್ತಾರೆ. ನೀರು ಎಷ್ಟು ಅನ್ನುವುದರ ಜೊತೆಗೆ, ಅದು ಮಾಮೂಲಿ ಕೊಳಚೆಗಿಂತ ಎಷ್ಟು ಪಟ್ಟು ಗಾಢ, ಎಷ್ಟು ಕೆಸರು ಕೊಡುತ್ತದೆ ಅಂತಲೂ ಲೆಕ್ಕ ಹಿಡಿಯುತ್ತಾರೆ. ಕೊಳೆ ಕಡಿಮೆಯಾದರೆ ಬಿಲ್ಲೂ ಕಡಿಮೆ. ಆದರೆ ಈ ದುಡ್ಡಿನ ಲೆಕ್ಕ ಡೈರಿಯಂಥ ಕೊಳೆಗೆ ಸರಿ. ಕ್ಯಾಡ್ಮಿಯಂಗೆ ಬೆಲೆ ಕಟ್ಟಿ, ಕೊಟ್ಟವರು ಬಿಡಬಹುದು ಅನ್ನುವಂತಿಲ್ಲ.

ಸ್ಯಾಂಪಲ್ ತೆಗೆಯುವುದರಲ್ಲೂ ಮರ್ಮ ಇದೆ. ಲೋಹಗಳಿಗೆ 24 ಗಂಟೆ ಸ್ವಲ್ಪ ಸ್ವಲ್ಪ ಕೂಡಿಸಿದ ಸ್ಯಾಂಪಲ್ ಒಳ್ಳೆಯದು, ದಿನದ ನಿಜವಾದ ಸರಾಸರಿ ಸಿಗುತ್ತದೆ. ಪಿಎಚ್‌ಗೆ ಅದು ನಡೆಯದು. ರಾತ್ರಿ ಎರಡು ಗಂಟೆಗೆ ಆಮ್ಲ, ಬೆಳಿಗ್ಗೆ ಕ್ಷಾರ ಬಿಟ್ಟರೆ ಕೂಡಿಸಿದ ಬಾಟಲಿಯಲ್ಲಿ ಎಲ್ಲ ಸಮನಾಗಿ ಕಾಣುತ್ತದೆ. ಪೈಪು ಮಾತ್ರ ಎರಡನ್ನೂ ಅನುಭವಿಸಿರುತ್ತದೆ. ಸಯನೈಡ್, ಎಣ್ಣೆ, ಬೇಗ ಆವಿಯಾಗುವ ದ್ರಾವಕಗಳಿಗೂ ಆ ಕ್ಷಣದ ನೀರನ್ನೇ ಹಿಡಿಯಬೇಕು. ಹಿಡಿಯುವ ಜಾಗ ಕಾರ್ಖಾನೆಯ ಶೌಚಾಲಯ, ಕ್ಯಾಂಟೀನಿನ ನೀರು ಬೆರೆಯುವ ಮುಂಚೆ ಇರಬೇಕು. ಇಲ್ಲವಾದರೆ ಮತ್ತೆ ತೆಳು ಮಾಡಿದ ನೀರನ್ನೇ ಅಳೆದಂತೆ. ಒಂದು ಮಾತು ಒತ್ತಿ ಹೇಳಬೇಕು. ಹೇಳಿ ಬಂದು ತೆಗೆದ ಸ್ಯಾಂಪಲ್ಲಿಗೂ ಹೇಳದೆ ಬಂದು ತೆಗೆದದ್ದಕ್ಕೂ ಅಜಗಜಾಂತರ. ನಿಯಮ ಮೀರಿದವರ ಹೆಸರನ್ನು ಬಚ್ಚಿಡುವುದೂ ಸರಿಯಲ್ಲ. ಅಮೆರಿಕದಲ್ಲಿ ಗಂಭೀರವಾಗಿ ಮಿತಿ ಮೀರಿದ ಕಾರ್ಖಾನೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಹಾಕಬೇಕೆಂಬ ನಿಯಮವೇ ಇದೆ.

ಕೊನೆಗೆ ಮೊದಲ ಜಾಡಿಗೆ ಬರೋಣ. ಮಬ್ಬು ನೀರು ಕಂಡ ಆ ಬೆಳಿಗ್ಗೆ, ಬಿಟ್ಟವರು ಯಾರು ಅಂತ ಪತ್ತೆ ಮಾಡುವುದು ಹೇಗೆ? ವಿಷ ರಾತ್ರಿಯೇ ಹರಿದು ಹೋಗಿದೆ. ಈಗ ಪೈಪಿನಲ್ಲಿ ಇರುವುದು ಮಾಮೂಲಿ ನೀರು.

ಆದರೆ ಪೈಪಿನ ಒಳಗೋಡೆಗೆ ಒಂದು ಲೋಳೆಯ ಪದರ ಅಂಟಿರುತ್ತದೆ. ಹರಿದು ಹೋದ ಲೋಹವನ್ನು ಅದು ಹೀರಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಘಟಕದಿಂದ ಹೊರಟು, ಪೈಪಿನ ಹರಿವಿಗೆ ಎದುರಾಗಿ ಒಂದೊಂದೇ ಮ್ಯಾನ್‌ಹೋಲಿನ ಮುಚ್ಚಳ ತೆಗೆಯುತ್ತಾ ಹೋಗುತ್ತಾರೆ. ಯಾರೂ ಕೆಳಗೆ ಇಳಿಯಬೇಕಿಲ್ಲ, ಇಳಿಯಲೂಬಾರದು. ಉದ್ದ ಕೋಲಿನಿಂದ ಲೋಳೆ ಕೆರೆದು ಡಬ್ಬಿಗೆ ತುಂಬಿ, ಡಬ್ಬಿಯ ಮೇಲೆ ಮ್ಯಾನ್‌ಹೋಲಿನ ನಂಬರ್ ಬರೆಯುತ್ತಾರೆ. ಎರಡು ಪೈಪು ಕೂಡುವ ಕಡೆ ಎರಡರಿಂದಲೂ ತೆಗೆಯುತ್ತಾರೆ. ಪ್ರಯೋಗಾಲಯದ ಅಂಕಿಗಳು ಬಂದಾಗ ಒಂದು ಕವಲಿನಲ್ಲಿ ಲೋಹ ಜಾಸ್ತಿ, ಇನ್ನೊಂದರಲ್ಲಿ ಏನೂ ಇಲ್ಲ. ಜಾಸ್ತಿ ಇದ್ದ ಕವಲಿನಲ್ಲಿ ಮತ್ತೆ ಮೇಲಕ್ಕೆ ಹೋಗುತ್ತಾರೆ. ಎಂಟನೇ ಮ್ಯಾನ್‌ಹೋಲಿನಲ್ಲಿ ಇದೆ, ಒಂಬತ್ತನೆಯದರಲ್ಲಿ ಇಲ್ಲ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಒಂದೇ ಒಂದು ಗೇಟು.